ಆರ್ಟ್ಸ್ ಅಂದರೆ ಅಯ್ಯೋ, ಲಿಬರಲ್ ಆರ್ಟ್ಸ್ ಅಂದರೆ ಪೇಡೆ

ಮೊನ್ನೆ ನಾಸಿಕ್‌ನ ನಮ್ಮ ಕನ್ನಡ ಬಳಗದ ಭಾನುವಾರದ ಭೇಟಿಯಲ್ಲಿ ಹಿರಿಯರೊಬ್ಬರು ಪೇಡೆ ಹಂಚಿದರು. ಇಲ್ಲಿಯ ಪೇಡೆಯಲ್ಲ, ಧಾರವಾಡದಿಂದ ತರಿಸಿದ್ದು. ಅವರ ಮಗನಿಗೆ ದೂರದ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತ್ತು. ಏನು ಓದುತ್ತಾನೆ ಎಂದು ಯಾರೋ ಕೇಳಿದರು. "ಲಿಬರಲ್ ಆರ್ಟ್ಸ್" ಎಂದರು. ಊಟ, ವಸತಿ ಸೇರಿ ವರ್ಷಕ್ಕೆ ಹತ್ತು ಲಕ್ಷದ ಮೇಲೆ ಖರ್ಚು. ಅದನ್ನು ಹೇಳುವಾಗ ಅವರ ದನಿಯಲ್ಲಿ ಚಿಂತೆಗಿಂತ ಅಭಿಮಾನವೇ ಹೆಚ್ಚಿತ್ತು. ನಾವೆಲ್ಲ ಕೈಕುಲುಕಿದೆವು. ನಾನು ಎರಡು ಪೇಡೆ ತಿಂದೆ.

ಎರಡು ವರ್ಷದ ಹಿಂದೆ ಇದೇ ಬಳಗದಲ್ಲಿ, ಇದೇ ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದ್ದರು: "ಯಾಕ್ರೀ, ನಿಮ್ಮ ತಂಗಿ ಮಗಳಿಗೆ ಮಾರ್ಕ್ಸ್ ಕಡಿಮಿ ಬಿದ್ದವೇನು?" ಬಿದ್ದಿರಲಿಲ್ಲ. ಹನ್ನೆರಡನೆಯದರಲ್ಲಿ ಅವಳಿಗೆ ನೂರಕ್ಕೆ 88 ಬಂದಿತ್ತು. ಛತ್ರಪತಿ ಸಂಭಾಜಿನಗರದ ಮನೆಯಿಂದ ಸಿಟಿ ಬಸ್ಸಿನಲ್ಲಿ ಹೋಗಿಬರುವ ಒಂದು ಕಾಲೇಜಿನಲ್ಲಿ ಅವಳು ಬಿ.ಎ. ಸೇರಿದ್ದಳು. ಇತಿಹಾಸ, ರಾಜ್ಯಶಾಸ್ತ್ರ, ಮರಾಠಿ ಸಾಹಿತ್ಯ. ಪೇಡೆಯವರ ಮಗ ಈಗ ಓದಲಿರುವುದು ಇತಿಹಾಸ, ರಾಜ್ಯಶಾಸ್ತ್ರ, ಇಂಗ್ಲಿಷ್ ಸಾಹಿತ್ಯ. ಹುಡುಗ ಓದಿದರೆ ಪೇಡೆ, ಹುಡುಗಿ ಓದಿದರೆ ಅಯ್ಯೋ ಪಾಪ. ನಡುವೆ ಇರುವುದು 'ಲಿಬರಲ್' ಎಂಬ ಒಂದು ಶಬ್ದ ಮತ್ತು ವರ್ಷಕ್ಕೆ ಹತ್ತು ಲಕ್ಷ ರೂಪಾಯಿ.

ಆ ಹಿರಿಯರ ಮೇಲೆ ಹರಿಹಾಯುವ ಮೊದಲು ನನ್ನ ತಪ್ಪನ್ನೂ ಹೇಳಿಬಿಡಬೇಕು. ಆ ವರ್ಷ ನಾನೇ ತಂಗಿಗೆ ಫೋನು ಮಾಡಿ ಒಂದು ತಾಸು ಕೊರೆದಿದ್ದೆ. "ಬಿ.ಎ. ಯಾಕೆ? ಬಿ.ಸಿ.ಎ. ಆದ್ರೂ ಮಾಡಿಸು. ನಾಳೆ ಯಾರಾದ್ರೂ ಕೇಳಿದ್ರೆ ಏನಂತೀ?" ತಂಗಿ ಕೊನೆಗೆ ಹೇಳಿದ್ದು ಒಂದೇ ಮಾತು: "ಅಣ್ಣಾ, ಓದೂದು ಅಕಿ, ಕೇಳೂದು ಮಂದಿ. ನೀ ಯಾರ ಕಡೆ ಅದೀ?" ಆಗ ನನ್ನ ಬಳಿ ಉತ್ತರವಿರಲಿಲ್ಲ. ಈಗ ನನ್ನ ಮಗಳು ಹನ್ನೆರಡನೆಯ ಪರೀಕ್ಷೆ ಮುಗಿಸಿ ಫಲಿತಾಂಶಕ್ಕೆ ಕಾಯುತ್ತಿದ್ದಾಳೆ. ಇತಿಹಾಸ ಓದುತ್ತೇನೆ ಎನ್ನುತ್ತಿದ್ದಾಳೆ. ಹಾಗಾಗಿ ಉತ್ತರ ಹುಡುಕಲೇಬೇಕಾಗಿದೆ.

ಮೊದಲು ಈ ಲಿಬರಲ್ ಆರ್ಟ್ಸ್ ಎಂಬುದಕ್ಕೆ ಸಲ್ಲಬೇಕಾದ ಮರ್ಯಾದೆಯನ್ನು ಸಲ್ಲಿಸೋಣ. ಅದು ಬರೀ ಫ್ಯಾಷನ್ ಅಲ್ಲ. ಅಮೆರಿಕದ ಆ್ಯಮ್ಹರ್ಸ್ಟ್ ಕಾಲೇಜು 1821ರದ್ದು, ಇವತ್ತಿಗೂ ಅಲ್ಲಿ ಇರುವುದು ಸುಮಾರು ಎರಡು ಸಾವಿರ ವಿದ್ಯಾರ್ಥಿಗಳು. ಸ್ವಾರ್ಥ್‌ಮೋರ್ ಅದಕ್ಕಿಂತಲೂ ಚಿಕ್ಕದು. ಇಂಥ ಕಾಲೇಜುಗಳಲ್ಲಿ ತರಗತಿ ಚಿಕ್ಕದು, ಪಾಠ ಮಾಡುವವರು ಕಾಯಂ ಪ್ರಾಧ್ಯಾಪಕರು, ಗಣಿತ ಓದುವವನು ತತ್ವಶಾಸ್ತ್ರದ ತರಗತಿಯಲ್ಲೂ ಕೂರಬಹುದು. ವಾರವಾರ ಬರೆಯಬೇಕು, ಬರೆದದ್ದನ್ನು ಮೇಷ್ಟ್ರು ಓದಿ ಕೆಂಪು ಶಾಯಿಯಲ್ಲಿ ಗೀಚಿ ಹಿಂದಿರುಗಿಸಬೇಕು, ಮತ್ತೆ ಬರೆಯಬೇಕು. ವರ್ಷದ ಒಟ್ಟು ಖರ್ಚು ಅಂಥಲ್ಲಿ 80 ಸಾವಿರ ಡಾಲರು ದಾಟಿದೆ ಎಂಬುದು ನಿಜ. ಆದರೆ ಆ್ಯಮ್ಹರ್ಸ್ಟ್‌ನಂಥ ಕೆಲವು ಕಡೆ ಹೊರದೇಶದ ಮಕ್ಕಳಿಗೂ ಹಣವಿದೆಯೋ ಇಲ್ಲವೋ ಎಂಬುದನ್ನು ನೋಡದೆ ಸೀಟು ಕೊಟ್ಟು, ಆಮೇಲೆ ಕೊರತೆಯನ್ನು ಕಾಲೇಜೇ ತುಂಬುತ್ತದೆ ಎಂಬುದೂ ನಿಜ. ಒಳ್ಳೆಯದನ್ನು ಒಳ್ಳೆಯದು ಎನ್ನಲು ನನಗೇನೂ ಕಷ್ಟವಿಲ್ಲ.

ಕಷ್ಟ ಶುರುವಾಗುವುದು ಅದು ನಮ್ಮ ಬೀದಿಗೆ ಬಂದಾಗ. ಕಳೆದ ಜುಲೈನಲ್ಲಿ ಮಗಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಒಬ್ಬ ಸಲಹೆಗಾರನ ಕಚೇರಿಗೆ ಹೋಗಿದ್ದೆ. ಎಸಿ ಕೋಣೆ, ಗೋಡೆಯ ತುಂಬ ವಿದೇಶಿ ಕಾಲೇಜುಗಳ ಬಾವುಟ. ಶುಲ್ಕ ಕೇಳಿದರೆ ನನ್ನ ಎರಡು ತಿಂಗಳ ಸಂಬಳ. ಅರ್ಜಿಯ ಜೊತೆ ಪ್ರಬಂಧ ಬರೆಯಬೇಕಲ್ಲ, ಅದಕ್ಕೆ ಸರಕು ಬೇಕೆಂದು ಅವನು ಮಗಳನ್ನು ಕೇಳಿದ: "ಜೀವನದಲ್ಲಿ ದೊಡ್ಡ ಕಷ್ಟ ಏನಾದರೂ ಬಂದಿದೆಯಾ? ಕಾಯಿಲೆ, ಸಾವು, ಅಂಥದ್ದು?" ಮಗಳು ಸ್ವಲ್ಪ ಹೊತ್ತು ಯೋಚಿಸಿ, ಹೋದ ವರ್ಷ ಅಜ್ಜಿ ತೀರಿಕೊಂಡರು ಎಂದಳು. ಅವನು ಪೆನ್ನು ಕೆಳಗಿಟ್ಟು, "ಅದು ಎಲ್ಲರಿಗೂ ಆಗುತ್ತದೆ" ಎಂದ. ಆಮೇಲೆ ತಾನೇ ಒಂದು ದಾರಿ ತೋರಿಸಿದ: ಹಳ್ಳಿಯೊಂದರಲ್ಲಿ ಒಂದು ವಾರ ಮಕ್ಕಳಿಗೆ ಪಾಠ ಹೇಳಿ, ಫೋಟೋ ತೆಗೆಸಿಕೊಂಡು ಬಂದರೆ ಸಾಕು. ಅರ್ಲಿ ಡಿಸಿಷನ್ ಎಂದು ಅರ್ಜಿ ಹಾಕಿದರೆ ಸೀಟು ಸಿಗುವ ಸಾಧ್ಯತೆ ಹೆಚ್ಚು ಎಂದ. ಹಾಗೆ ಹಾಕಿ ಸೀಟು ಸಿಕ್ಕರೆ ಆ ಕಾಲೇಜಿಗೇ ಹೋಗುತ್ತೇವೆ ಎಂದು ಮೊದಲೇ ಮಾತು ಕೊಟ್ಟಂತೆ. ನಾಲ್ಕು ಕಡೆಯ ಧನಸಹಾಯ ಹೋಲಿಸಿ ನೋಡಲು ಆಗುವುದಿಲ್ಲ. ಆ ಮಾತನ್ನು ಅವನು ಹೇಳಲಿಲ್ಲ, ಮನೆಗೆ ಬಂದು ಓದಿದಾಗ ತಿಳಿಯಿತು.

ವಾಪಸು ಬರುವಾಗ ಸಿಗ್ನಲ್ಲಿನಲ್ಲಿ ನಿಂತಾಗ ಮಗಳು ಬೆನ್ನ ಹಿಂದಿನಿಂದ ಹೇಳಿದಳು, "ಅಪ್ಪಾ, ಅಜ್ಜಿ ಸತ್ತದ್ದು ಸಾಲಲಿಲ್ಲಂತ." ನಾನು ಆ ಕಚೇರಿಗೆ ಮತ್ತೆ ಹೋಗಲಿಲ್ಲ.

ನಾವು ಹೋಗಿದ್ದ ಆ ಕಚೇರಿ ಇರುವುದು ಕಾಲೇಜ್ ರೋಡಿನಲ್ಲಿ. ನಾಸಿಕ್‌ನಲ್ಲಿರುವವರಿಗೆ ಕಾಲೇಜ್ ರೋಡ್ ಅಂದರೆ ಬಟ್ಟೆ ಅಂಗಡಿ, ಕೆಫೆ, ಕೋಚಿಂಗ್ ಕ್ಲಾಸು. ಅದಕ್ಕೆ ಆ ಹೆಸರು ತಂದ ಕಾಲೇಜು ಯಾವುದು ಎಂದು ನಮ್ಮ ಬಳಗದಲ್ಲಿ ಕೇಳಿ ನೋಡಿ. ಗೋಖಲೆ ಎಜುಕೇಶನ್ ಸೊಸೈಟಿ 1924ರಲ್ಲಿ ಇಲ್ಲಿ ತೆರೆದ, ಮುಂದೆ ಎಚ್‌ಪಿಟಿ ಎಂದು ಹೆಸರಾದ ಕಾಲೇಜು. ಮರಾಠಿಗೆ ಜ್ಞಾನಪೀಠ ತಂದ ಕುಸುಮಾಗ್ರಜರು ಅಲ್ಲಿ ಓದಿದವರು. ನಾಟಕಕಾರ ವಸಂತ ಕಾನೇಟ್ಕರ್ ಅಲ್ಲಿ ಪಾಠ ಮಾಡಿದವರು. ಅದನ್ನು ಯಾರೂ ಲಿಬರಲ್ ಆರ್ಟ್ಸ್ ಎಂದು ಕರೆಯಲಿಲ್ಲ, ಬಾವುಟ ತೂಗುಹಾಕಲಿಲ್ಲ. ಊರಿನ ಆರ್ಟ್ಸ್ ಕಾಲೇಜು ಎಂದರು, ಅಷ್ಟೆ.

ಇನ್ನೂ ದೊಡ್ಡ ಕಥೆ ಇರುವುದು ತಂಗಿಯ ಊರಿನಲ್ಲಿ. ನಾಸಿಕ್‌ನಿಂದ ಸಂಭಾಜಿನಗರಕ್ಕೆ ಬಸ್ಸಿನಲ್ಲಿ ನಾಲ್ಕೈದು ತಾಸು. ನಾನು ಹತ್ತುವ ಊರಿನಲ್ಲಿ ಕಾಳಾರಾಮ ಮಂದಿರವಿದೆ. 1930ರಲ್ಲಿ ಅಂಬೇಡ್ಕರರ ಮುಂದಾಳುತನದಲ್ಲಿ ಸಾವಿರಾರು ಜನ ಅದರ ಬಾಗಿಲಲ್ಲಿ ನಿಂತರು, ಬಾಗಿಲು ತೆರೆಯಲಿಲ್ಲ. ದಾರಿಯ ನಡುವೆ ಯೇವಲಾ ಬರುತ್ತದೆ. ನಮ್ಮ ಹೆಂಗಸರಿಗೆ ಅದು ಪೈಠಣಿ ಸೀರೆಯ ಊರು. 1935ರಲ್ಲಿ ಅಂಬೇಡ್ಕರರು ತಾನು ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿದ್ದು ಅದೇ ಊರಿನಲ್ಲಿ. ದಾರಿಯ ಕೊನೆಗೆ ಸಂಭಾಜಿನಗರ, ಆಗಿನ ಔರಂಗಾಬಾದು. ಅಲ್ಲಿ 1950ರಲ್ಲಿ ಅವರ ಪೀಪಲ್ಸ್ ಎಜುಕೇಶನ್ ಸೊಸೈಟಿ ಒಂದು ಕಾಲೇಜು ತೆರೆಯಿತು. ಮರುವರ್ಷ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಬಂದು ಅದರ ಕಟ್ಟಡಕ್ಕೆ ಅಡಿಗಲ್ಲು ಇಟ್ಟರು. ಅದೇ ಮಿಲಿಂದ ಕಾಲೇಜು. ತೆರೆಯದ ಬಾಗಿಲಿನಿಂದ ತಾವೇ ಕಟ್ಟಿದ ಬಾಗಿಲಿನವರೆಗೆ ಇಪ್ಪತ್ತು ವರ್ಷದ ದಾರಿ. ಎಸ್‌ಟಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅದನ್ನು ನಾವು ನಿದ್ದೆ ಮಾಡುತ್ತ ದಾಟುತ್ತೇವೆ.

ಆ ಕಾಲಕ್ಕೆ ನಿಜಾಮನ ಸೀಮೆಯ ಮರಾಠವಾಡಾದಲ್ಲಿ ಪದವಿ ಬೇಕೆಂದರೆ ಹೈದರಾಬಾದಿಗೆ ಹೋಗಬೇಕಿತ್ತು. ಅದೇ ನಿಜಾಮನ ಕೆಳಗಿದ್ದ ನಮ್ಮ ಕಲಬುರಗಿ, ಬೀದರ, ರಾಯಚೂರಿನ ಪಾಡೂ ಅದೇ. ಅಂಥ ಕಡೆ, ಬರಿಗೈಯಲ್ಲಿ ಬರುವ ಮಕ್ಕಳಿಗೆ ಅಂಬೇಡ್ಕರರು ಕೊಟ್ಟದ್ದು ಕಲೆ ಮತ್ತು ವಿಜ್ಞಾನದ ಕಾಲೇಜು. ಬಡವರ ಮಕ್ಕಳಿಗೆ ಕೈಕೆಲಸ ಕಲಿಸಿದರೆ ಸಾಕು, ತತ್ವಶಾಸ್ತ್ರ ಯಾಕೆ ಎಂದು ಅವರು ಕೇಳಲಿಲ್ಲ. ಅವರೇ ಕೊಲಂಬಿಯಾದಲ್ಲಿ ಅರ್ಥಶಾಸ್ತ್ರದ ಜೊತೆ ಇತಿಹಾಸ, ಸಮಾಜಶಾಸ್ತ್ರ, ತತ್ವಶಾಸ್ತ್ರ, ಮಾನವಶಾಸ್ತ್ರ ಓದಿ, ಜಾನ್ ಡ್ಯೂಯಿಯ ತರಗತಿಯಲ್ಲಿ ಕೂತು ಬಂದವರು. ಹೆಸರನ್ನೂ ನೋಡಿ. ಮಿಲಿಂದ ಎಂದರೆ ಗ್ರೀಕ್ ದೊರೆ ಮಿನಾಂಡರ್, ನಾಗಸೇನ ಎಂಬ ಭಿಕ್ಷುವಿಗೆ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದ ರಾಜ. ಆ ಕಾಲೇಜಿನ ಆವರಣದ ಹೆಸರು ನಾಗಸೇನವನ. ಪ್ರಶ್ನೆ ಕೇಳಿದವನ ಹೆಸರು ಕಾಲೇಜಿಗೆ, ಉತ್ತರ ಕೊಟ್ಟವನ ಹೆಸರು ಅದರ ನೆಲಕ್ಕೆ. ಅಲ್ಲಿ ಪಾಠ ಮಾಡಿದ ಗಂಗಾಧರ ಪಾನತಾವಣೆಯವರು 'ಅಸ್ಮಿತಾದರ್ಶ' ಪತ್ರಿಕೆ ನಡೆಸಿದರು, ಮರಾಠಿ ದಲಿತ ಸಾಹಿತ್ಯಕ್ಕೆ ಅದು ಅಂಗಳವಾಯಿತು. ಕಲಾ ಪದವಿಯಿಂದ ಏನು ಉಪಯೋಗ ಎಂದು ಕೇಳುವವರಿಗೆ ನಾನು ತೋರಿಸುವುದು ಇದನ್ನೇ.

ನಮ್ಮ ಕನ್ನಡದ್ದೇನು ಬೇರೆಯೇ? ಬೇಂದ್ರೆ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಆದರು. ಸಾಂಗ್ಲಿಯ ವಿಲ್ಲಿಂಗ್ಡನ್ ಕಾಲೇಜಿನಲ್ಲಿ ಗೋಕಾಕರೂ ರಂ.ಶ್ರೀ. ಮುಗಳಿಯವರೂ ಪಾಠ ಮಾಡಿದರು. ಮೈಸೂರಿನ ಮಹಾರಾಜ ಕಾಲೇಜಿನ ಕಥೆಯನ್ನಂತೂ ಹೇಳಬೇಕಿಲ್ಲ. ರಾಜ್ಯೋತ್ಸವದ ದಿನ ವೇದಿಕೆಯ ಮೇಲೆ ನಾವು ಹಾರ ಹಾಕುವ ಫೋಟೋಗಳನ್ನೊಮ್ಮೆ ಎಣಿಸಿ. ಬಹುಪಾಲು ಆರ್ಟ್ಸ್ ಓದಿದವರು, ಆರ್ಟ್ಸ್ ಕಲಿಸಿದವರು. ಹಾರ ಹಾಕಿ ಕೆಳಗಿಳಿದು, ಪಕ್ಕದವರ ಮಗಳು ಬಿ.ಎ. ಸೇರಿದಳೆಂದರೆ ಮಾರ್ಕ್ಸ್ ಕಡಿಮಿ ಬಿದ್ದವೇನು ಎನ್ನುತ್ತೇವೆ.

ಹಾಗಾದರೆ ಈಗಲೂ ಊರಿನ ಕಾಲೇಜು ಹಾಗೇ ಇದೆಯೇ, ಹತ್ತು ಲಕ್ಷ ಉಳಿಸಿ ಅಲ್ಲಿಗೇ ಸೇರಿಸಬಹುದೇ ಎಂದು ಕೇಳುವಿರಿ. ಸುಳ್ಳು ಹೇಳಲಾರೆ. ಈ ಸಂಕ್ರಾಂತಿಗೆ ತಂಗಿಯ ಮನೆಗೆ ಹೋದಾಗ, ಅನುಮತಿ ಕೇಳಿ ಸೊಸೆಯ ಇತಿಹಾಸದ ತರಗತಿಯಲ್ಲಿ ಒಂದು ತಾಸು ಹಿಂದಿನ ಬೆಂಚಿನಲ್ಲಿ ಕೂತೆ. ಹಾಜರಿ ಪುಸ್ತಕದಲ್ಲಿ 120 ಹೆಸರು, ಕೋಣೆಯಲ್ಲಿ ಹದಿನಾಲ್ಕು ಮಂದಿ. ಉಳಿದವರು ಪರೀಕ್ಷೆಗೆ ಗೈಡು ಓದಿಕೊಂಡು ಬರುತ್ತಾರಂತೆ. ಗ್ರಂಥಾಲಯದ ಕಪಾಟಿಗೆ ಬೀಗ. ಪಾಠ ಮಾಡಿದ ಮೇಷ್ಟ್ರು ಸಿಎಚ್‌ಬಿ, ಅಂದರೆ ಗಡಿಯಾರ ನೋಡಿ ತಾಸಿನ ಲೆಕ್ಕದಲ್ಲಿ ಸಂಬಳ. ನಮ್ಮ ಕರ್ನಾಟಕದಲ್ಲಿ ಅತಿಥಿ ಉಪನ್ಯಾಸಕ ಎನ್ನುತ್ತೇವಲ್ಲ, ಅದರದೇ ಮರಾಠಿ ಅವತಾರ. ಆರು ವರ್ಷದಿಂದ ಹಾಗೇ ಇದ್ದಾರೆ, ಬೇಸಿಗೆ ರಜೆಯಲ್ಲಿ ದುಡ್ಡಿಲ್ಲ, ಹೊಟ್ಟೆಪಾಡಿಗೆ ಇನ್ನೊಂದು ಕಾಲೇಜಿನಲ್ಲೂ ಪಾಠ. ಆದರೂ ಆ ಹದಿನಾಲ್ಕು ಮಂದಿಯನ್ನು ಎಸ್‌ಟಿ ಬಸ್ಸಿನಲ್ಲಿ ದೌಲತಾಬಾದಿಗೆ ಕರೆದುಕೊಂಡು ಹೋಗಿ, ಕೋಟೆಯನ್ನು ಕಲ್ಲು ಕಲ್ಲಾಗಿ ಬಿಡಿಸಿ ಹೇಳಿ, ಬಂದಮೇಲೆ ನಾಲ್ಕು ಪುಟ ಬರೆಸಿದ್ದರು. ಸೊಸೆಯ ಹಾಳೆಗಳನ್ನು ನೋಡಿದೆ. ಅಂಚಿನ ತುಂಬ ಕೆಂಪು ಶಾಯಿ.

ವಿದೇಶದಲ್ಲಿ 80 ಸಾವಿರ ಡಾಲರಿಗೆ ಮಾರುವುದು ಆ ಕೆಂಪು ಶಾಯಿಯನ್ನೇ. ಇಲ್ಲಿ ಅದು ಇದೆ, ಆದರೆ ಒಬ್ಬ ಮನುಷ್ಯನ ಹಟದ ಮೇಲೆ ನಿಂತಿದೆ. ಆತ ಸೋತರೆ ಮುಗಿಯಿತು.

ಸರ್ಕಾರ ಏನು ಮಾಡುತ್ತಿದೆ? 2020ರ ರಾಷ್ಟ್ರೀಯ ಶಿಕ್ಷಣ ನೀತಿ ಲಿಬರಲ್ ಆರ್ಟ್ಸ್ ಅನ್ನು ಹಾಡಿ ಹೊಗಳುತ್ತದೆ. ತಕ್ಷಶಿಲೆ, ನಾಲಂದಾ, ಬಾಣಭಟ್ಟನ ಕಾದಂಬರಿಯ 64 ಕಲೆ, ಎಲ್ಲವೂ ಬರುತ್ತವೆ. ಅದೇ ನೀತಿ ಇನ್ನೊಂದು ಮಾತನ್ನೂ ಹೇಳುತ್ತದೆ: 2040ರ ಹೊತ್ತಿಗೆ ಪ್ರತಿ ಉನ್ನತ ಶಿಕ್ಷಣ ಸಂಸ್ಥೆಯೂ ಮೂರು ಸಾವಿರ ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಬಹುಶಿಸ್ತೀಯ ಸಂಸ್ಥೆಯಾಗುವ ಗುರಿ ಇಟ್ಟುಕೊಳ್ಳಬೇಕು. ಆ್ಯಮ್ಹರ್ಸ್ಟ್ ಇಲ್ಲಿದ್ದಿದ್ದರೆ ಚಿಕ್ಕದಾಯಿತೆಂದು ಅದನ್ನು ಇನ್ನೊಂದರ ಜೊತೆ ಕೂಡಿಸಿಬಿಡುತ್ತಿದ್ದರೇನೋ. ಚಿಕ್ಕ ಕಾಲೇಜಿನ ಗುಣವನ್ನು ಹೊಗಳುತ್ತ ಚಿಕ್ಕ ಕಾಲೇಜಿಗೆ ಜಾಗವಿಲ್ಲ ಎನ್ನುವುದು ಎಂಥ ನೀತಿ? 64 ಕಲೆಗಳನ್ನು ತಾಸಿನ ಕೂಲಿಯಲ್ಲಿ ಕಲಿಸುವವರು ಯಾರು?

ಆದರೆ ಸರ್ಕಾರವನ್ನು ಬೈದು ಕೈತೊಳೆದುಕೊಳ್ಳುವುದು ಸುಲಭ. ಹುದ್ದೆಗಳು ಖಾಲಿ ಬಿದ್ದಾಗ ಯಾರೂ ಗಲಾಟೆ ಮಾಡಲಿಲ್ಲ ಯಾಕೆ? ದನಿ ಇದ್ದವರ ಮಕ್ಕಳು ಅಲ್ಲಿರಲಿಲ್ಲ. ನಾನು ಸಾತಪುರದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದವನು. ಬೆಂಗಳೂರಿನ ಮೈಕೋದಿಂದ ಬಂದವರು, ಎಚ್‌ಎಎಲ್‌ನಿಂದ ಓಝರಿಗೆ ವರ್ಗವಾಗಿ ಬಂದವರು, ತಂಗಿಯ ಗಂಡನಂತೆ ವಾಳೂಜಿನ ಕಾರ್ಖಾನೆ ಸೇರಿದವರು, ನಾವೆಲ್ಲ ಪತ್ರ ಬರೆಯಲು ಬಲ್ಲವರು, ಕಚೇರಿಗೆ ಹೋಗಿ ಕೇಳಲು ಬಲ್ಲವರು. ಸೊಸೈಟಿಯ ನೀರಿನ ಟ್ಯಾಂಕರು ಒಂದು ದಿನ ತಡವಾದರೆ ಮಹಾನಗರಪಾಲಿಕೆಯ ಬಾಗಿಲು ಬಡಿಯುತ್ತೇವೆ. ಊರಿನ ಕಾಲೇಜಿನಲ್ಲಿ ಇತಿಹಾಸಕ್ಕೆ ಕಾಯಂ ಮೇಷ್ಟ್ರು ಇಲ್ಲದಿದ್ದರೆ ನಮಗೆ ಗೊತ್ತೇ ಆಗುವುದಿಲ್ಲ. ಕನ್ನಡ ಶಾಲೆಗಳಿಗೂ ನಾವು ಮಾಡಿದ್ದು ಇದನ್ನೇ. ನಮ್ಮ ಮಕ್ಕಳನ್ನು ಮೊದಲು ಬಿಡಿಸಿಕೊಂಡೆವು, ಆಮೇಲೆ ಶಾಲೆ ಮುಚ್ಚಿತೆಂದು ಇಂಥ ಪತ್ರಿಕೆಗಳಲ್ಲಿ ಕಣ್ಣೀರಿನ ಲೇಖನ ಬರೆದೆವು.

ಕೆಲಸ ಸಿಗುತ್ತದೆಯೇ ಎಂಬ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಮನೆಯಲ್ಲಿ ಮೊದಲ ಸಲ ಓದುತ್ತಿರುವ ಮಗು, ತಲೆಯ ಮೇಲೆ ಸಾಲ, ಬೇಗ ದುಡಿಯಲೇಬೇಕು ಎನ್ನುವವರಿಗೆ ಇತಿಹಾಸ ಓದು ಎಂದು ಉಪದೇಶ ಮಾಡುವುದು ಅಹಂಕಾರವಾದೀತು. ನಾನು ಮಾತಾಡುತ್ತಿರುವುದು ನಮ್ಮಂಥವರ ಬಗ್ಗೆ. ಸ್ವಂತ ಮನೆ ಇದೆ, ಪಿಎಫ್ ಇದೆ, ಮಗಳು ಮೂರು ವರ್ಷ ತಡವಾಗಿ ದುಡಿದರೂ ಒಲೆ ಆರುವುದಿಲ್ಲ. ಖಾಸಗಿ ವಿಶ್ವವಿದ್ಯಾಲಯಕ್ಕೆ 40 ಲಕ್ಷ ಹೊಂದಿಸುವಾಗ ಕೆಲಸದ ಪ್ರಶ್ನೆ ಕೇಳದ ನಾವು, ಕೆಲವೇ ಸಾವಿರ ಶುಲ್ಕದ ಬಿ.ಎ.ಗೆ ಮಾತ್ರ ಅದನ್ನು ಕೇಳುತ್ತೇವೆ. ಅಂದರೆ ನಮ್ಮ ಭಯ ಕೆಲಸದ್ದಲ್ಲ, ಬಳಗದ ಭೇಟಿಯಲ್ಲಿ ತಲೆ ತಗ್ಗಿಸಬೇಕಾದೀತು ಎಂಬುದು.

ಇನ್ನೊಂದು ಮಾತು, ಕನ್ನಡಿಗರಾಗಿ. ಊರಿನಿಂದ ಬಂದ ನೆಂಟರನ್ನು ವೇರೂಳಿಗೆ, ಅಂದರೆ ಎಲ್ಲೋರಕ್ಕೆ ಕರೆದೊಯ್ಯದ ಕನ್ನಡಿಗ ಸಂಭಾಜಿನಗರದಲ್ಲಿಲ್ಲ. ಕೈಲಾಸ ದೇಗುಲದ ಮುಂದೆ ನಿಂತು, "ನಮ್ಮ ರಾಷ್ಟ್ರಕೂಟರು ಕಟ್ಟಿಸಿದ್ದು" ಎಂದು ಎದೆ ಉಬ್ಬಿಸುತ್ತೇವೆ. ಒಂದನೆಯ ಕೃಷ್ಣನ ಹೆಸರಾದರೂ ಎಷ್ಟು ಜನಕ್ಕೆ ಬರುತ್ತದೆ? ನಾಸಿಕ್‌ನಲ್ಲಿ ಗೋದಾವರಿಯ ದಂಡೆಯ ಮೇಲೆ ನಿಂತು, ಕನ್ನಡ ನಾಡು ಇಲ್ಲಿಯವರೆಗೂ ಇತ್ತೆಂದು ಕವಿರಾಜಮಾರ್ಗದ ಸಾಕ್ಷಿ ಹೇಳುತ್ತೇವೆ. ಹತ್ತಿರದ ಸಿನ್ನರ್ ಸೇವುಣರ ಹಳೆಯ ರಾಜಧಾನಿ, ಅವರು ಬರೆಸಿದ ಶಾಸನಗಳಲ್ಲಿ ಕನ್ನಡದವೂ ಉಂಟು. ಅವುಗಳನ್ನು ನಾಳೆ ಓದುವವರು ಯಾರು? ಶಾಸನ ಓದಲು ಇತಿಹಾಸ ಬೇಕು, ಹಳಗನ್ನಡ ಬೇಕು, ಸಂಸ್ಕೃತ ಪ್ರಾಕೃತ ಬೇಕು, ಮರಾಠಿಯೂ ಬೇಕು. ಎರಡು ಭಾಷೆಯ ನಡುವೆ ಬೆಳೆದ ನಮ್ಮ ವಲಸಿಗರ ಮಕ್ಕಳಿಗಿಂತ ಈ ಕೆಲಸಕ್ಕೆ ತಕ್ಕವರು ಸಿಗುವುದು ಕಷ್ಟ. ಅವರನ್ನೇ ನಾವು ಈ ದಾರಿಗೆ ಬಿಡುವುದಿಲ್ಲ. ಹೆಮ್ಮೆಯಷ್ಟೇ ನಮಗೆ ಬೇಕು, ಅದನ್ನು ಓದುವ ದುಡಿಮೆ ಬೇರೆಯವರ ಮಕ್ಕಳಿಗಿರಲಿ.

ಸರಿ, ಕಾಲೇಜನ್ನು ಆರಿಸುವುದು ಹೇಗೆ? ನಮ್ಮ ಮನೆಯಲ್ಲಿ ಈಗ ಒಂದು ನಿಯಮ ಮಾಡಿಕೊಂಡಿದ್ದೇವೆ. ಜಾಹೀರಾತಿನ ಹಾಳೆ ನೋಡುವುದಿಲ್ಲ, ರ‍್ಯಾಂಕಿನ ಪಟ್ಟಿ ನೋಡುವುದಿಲ್ಲ. ಖುದ್ದು ಹೋಗಿ ಒಂದು ತಾಸು ತರಗತಿಯಲ್ಲಿ ಕೂರುವುದು. ಮಗಳ ವಿಷಯಕ್ಕೆ ಕಾಯಂ ಮೇಷ್ಟ್ರು ಎಷ್ಟು, ತಾಸಿನ ಮೇಷ್ಟ್ರು ಎಷ್ಟು ಎಂದು ಕೇಳುವುದು. ಗ್ರಂಥಾಲಯದಲ್ಲಿ ಹೋದ ತಿಂಗಳು ಯಾವ ಪುಸ್ತಕ ಹೊರಗೆ ಹೋಯಿತು ಎಂದು ನೋಡುವುದು. ಕೊನೆಯ ವರ್ಷದ ಒಬ್ಬ ವಿದ್ಯಾರ್ಥಿಯನ್ನು ಕ್ಯಾಂಟೀನಿನಲ್ಲಿ ಹಿಡಿದು, ನೀನು ಬರೆದದ್ದನ್ನು ಯಾರಾದರೂ ಓದಿ ತಿದ್ದಿದ್ದಾರಾ ಎಂದು ಕೇಳುವುದು. ಹತ್ತು ಲಕ್ಷದ ಕಡೆಯೂ ಇದೇ ಪ್ರಶ್ನೆ, ಹತ್ತು ಸಾವಿರದ ಕಡೆಯೂ ಇದೇ ಪ್ರಶ್ನೆ. ಧನಸಹಾಯ ಕೊಡುತ್ತೇವೆ ಎನ್ನುವ ಕಡೆ ಅದು ಮೊದಲ ವರ್ಷಕ್ಕೆ ಮಾತ್ರವೋ, ಕೊನೆಯ ವರ್ಷದವರೆಗೋ ಎಂಬುದನ್ನು ಬರಹದಲ್ಲಿ ಕೇಳುವುದು.

ಮಗಳ ಪಟ್ಟಿಯಲ್ಲಿ ಈಗ ಮೂರು ಹೆಸರಿವೆ. ಒಂದು ಧನಸಹಾಯ ಸಿಕ್ಕರೆ ಮಾತ್ರ ಹೋಗಬಹುದಾದ ಖಾಸಗಿ ಜಾಗ, ಒಂದು ಪುಣೆಯ ಹಳೆಯ ಕಾಲೇಜು, ಒಂದು ಅತ್ತೆಯ ಮನೆಯಿಂದ ಸಿಟಿ ಬಸ್ಸಿನಲ್ಲಿ ಹೋಗಿಬರುವ ಆ ಕಾಲೇಜು. ಮೂರನೆಯದನ್ನು ಪಟ್ಟಿಯ ತಲೆಗೆ ಬರೆದಿದ್ದಾಳೆ. ದೌಲತಾಬಾದಿನ ಮೇಷ್ಟ್ರು ಅಲ್ಲೇ ಇದ್ದರೆ ಎಂದು ಅದರ ಮುಂದೆ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದಾಳೆ. ಆ 'ಇದ್ದರೆ' ನನ್ನನ್ನು ನಿದ್ದೆಗೆಡಿಸಿದೆ. ನನ್ನ ಮಗಳ ಮೂರು ವರ್ಷವನ್ನು ಒಂದು ವಾದ ಗೆಲ್ಲಲು ಪಣಕ್ಕಿಡಲಾರೆ. ಆದರೆ ಮೇಷ್ಟ್ರ ಹುದ್ದೆ ಕಾಯಂ ಆಗಲಿ ಎಂದು ಒಂದು ಅರ್ಜಿ ಬರೆಯಬಲ್ಲೆ. ಬರೆದಿದ್ದೇನೆ. ತಂಗಿ, ತಂಗಿಯ ಗಂಡ, ಅವರ ಬೀದಿಯ ಏಳು ಮನೆಯವರು ಸಹಿ ಹಾಕಿದ್ದಾರೆ. ಬರುವ ಭಾನುವಾರ ಅದನ್ನು ನಮ್ಮ ಬಳಗಕ್ಕೂ ತರುತ್ತೇನೆ. ಪೇಡೆ ಹಂಚಿದ ಹಿರಿಯರ ಮುಂದೆಯೇ ಮೊದಲು ಹಿಡಿಯುತ್ತೇನೆ, ಪೆನ್ನಿನ ಜೊತೆ.